ಸೊನ್ನೆ ಪಾಯಿಂಟ್ ಒಂದರ ಹಾರ್ಮಿನಾ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೂರನೆಯ ದಿನವೇ ಯೊರಿಟ್ ಒಬ್ಬ ರೋಗಿಯ ರಕ್ತವನ್ನು ಯಾರದೋ ಬುತ್ತಿ ಎಂದು ತಿಳಿದು, ಊಟದ ಕೋಣೆಯ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಗೂ ಚೀಸಿಗೂ ನಡುವೆ ಜೋಪಾನವಾಗಿ ಇಟ್ಟುಬಿಟ್ಟಿದ್ದ.

ಅವನ ಕಡೆಯಿಂದಲೂ ಎರಡು ಮಾತು ಹೇಳಬೇಕು. ಅಲ್ಲಿನ ಹಿರಿಯಳಾದ ಹಾರ್ಮಿನಾಳ ಮೇಜಿನ ಮೇಲೆ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಬೆರಳುದ್ದದ ಒಂದು ಪೊಟ್ಟಣವಿತ್ತು. ಗಂಟೆ ಹನ್ನೆರಡಕ್ಕೆ ಕಾಲು ಕಡಿಮೆ. ಹಾಲೆಂಡಿನಲ್ಲಿ ಆ ಹೊತ್ತಿಗೆ ಬೆಳ್ಳಿ ಹಾಳೆಯೊಳಗೆ ಬ್ರೆಡ್ಡಲ್ಲದೆ ಬೇರೆ ಏನಾದರೂ ಇದ್ದೀತು ಎಂಬ ಅನುಮಾನ ಯಾವ ತಾಯಿಯ ಮಗನಿಗೂ ಬರುವುದಿಲ್ಲ. ಇಷ್ಟು ಸಣ್ಣ ಬ್ರೆಡ್ಡೇ ಎಂದು ಅವನಿಗೂ ಒಂದು ಕ್ಷಣ ಅನ್ನಿಸಿತ್ತು. ಆದರೆ ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಮುಚ್ಚುವವಳು ಹಾರ್ಮಿನಾ. ಎರಡು ದಿನ ಅದನ್ನು ಕಣ್ಣಾರೆ ಕಂಡಿದ್ದ ಯೊರಿಟ್, ಈಕೆಯ ಊಟವೂ ಅದೇ ಅಳತೆಯದಿರಬೇಕು ಎಂದುಕೊಂಡ. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಪಾಪ, ಕೆಟ್ಟುಹೋದೀತು. ಹೊಸಬನಿಗೆ ಒಳ್ಳೆಯವನು ಅನ್ನಿಸಿಕೊಳ್ಳುವ ಚಪಲ ಬೇರೆ.

ಆಮೇಲೆ ನಲವತ್ತು ನಿಮಿಷ ಇಡೀ ಪ್ರಯೋಗಾಲಯ ಒಂದು ರಕ್ತದ ಕೊಳವೆಯನ್ನು ಹುಡುಕಿತು. ಎಲ್ಲರಿಗಿಂತ ಉತ್ಸಾಹದಿಂದ ಹುಡುಕಿದವನು ಯೊರಿಟ್. ಮಂಡಿಯೂರಿ ಕಪಾಟಿನ ಅಡಿಗೆ ಟಾರ್ಚು ಬಿಟ್ಟ, ಕಸದ ಬುಟ್ಟಿ ತಡಕಿದ, "ಇಂಥ ಬೇಜವಾಬ್ದಾರಿ ಕೆಲಸ ಯಾರು ಮಾಡ್ತಾರೋ" ಎಂದು ನಿಟ್ಟುಸಿರನ್ನೂ ಬಿಟ್ಟ. ಕೊನೆಗೆ ಹಾರ್ಮಿನಾ ತನ್ನ ಸಾಸಿವೆ ಗೊಜ್ಜಿನ ಬಾಟಲಿ ತೆಗೆಯಲೆಂದು ಫ್ರಿಜ್ಜಿನ ಬಾಗಿಲು ತೆರೆದಳು.

"ಇದನ್ನ ಇಲ್ಲಿ ಇಟ್ಟೋರು ಯಾರು?"

"ನಾನೇ," ಎಂದ ಯೊರಿಟ್, ಇನ್ನೂ ಶಹಬ್ಬಾಸ್‌ಗಿರಿ ಸಿಗುವ ಆಸೆಯಲ್ಲಿ. "ನಿಮ್ಮ ಊಟ ಅಲ್ವಾ?"

"ನಾನು ರಕ್ತ ಕುಡಿಯೋದು ಬುಧವಾರ ಮಾತ್ರ. ಇವತ್ತು ಸೋಮವಾರ."

ರಕ್ತದಲ್ಲಿ ಬೆರೆತಿರುವ ಹಳದಿ ಕ್ಯಾನ್ಸರ್ ಮದ್ದು ಬೆಳಕಿಗೆ ಹೆದರುತ್ತದೆ, ಬೆಳಕು ಬಿದ್ದರೆ ಒಡೆದುಹೋಗುತ್ತದೆ, ಅದಕ್ಕೇ ಬೆಳ್ಳಿ ಹಾಳೆ ಎಂದು ಮೊದಲ ದಿನವೇ ಅವನಿಗೆ ಹೇಳಿದ್ದರು. ಅವನು ತಲೆಯನ್ನೂ ಆಡಿಸಿದ್ದ. ತಲೆ ಆಡಿಸುವುದಕ್ಕೂ ತಲೆಗೆ ಹೋಗುವುದಕ್ಕೂ ಸಂಬಂಧವಿಲ್ಲ ಎಂಬುದು ಅವನ ಇಪ್ಪತ್ತೈದು ವರ್ಷದ ಜೀವನದ ಸಾರ.

ಬೇರೆ ಯಾರಾದರೂ ಆಗಿದ್ದರೆ ತಡವಾದದ್ದಕ್ಕೆ ಯಂತ್ರದ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಿದ್ದರು. ಹಾರ್ಮಿನಾ ಫೋನು ಎತ್ತಿ ಐದನೆಯ ಮಹಡಿಯ ವಾರ್ಡಿಗೆ ಮಾಡಿ, ರೋಗಿಗೇ ಕೊಡಿ ಎಂದಳು. "ನೋಡಿ, ನಿಮ್ಮ ರಕ್ತದ ಫಲಿತಾಂಶ ಒಂದು ಗಂಟೆ ತಡ ಆಗುತ್ತೆ. ನಮ್ಮ ಹೊಸ ಹುಡುಗ ಅದನ್ನ ಸ್ಯಾಂಡ್‌ವಿಚ್ ಅಂದ್ಕೊಂಡಿದ್ದ. ತಿಂದಿಲ್ಲ."

ಆ ಕಡೆಯಿಂದ ಎದ್ದ ನಗೆ ಯೊರಿಟ್ ನಿಂತಲ್ಲಿಗೂ ಕೇಳಿಸಿತು. ಹಿಂದೆಯೇ ಸಲೈನ್ ಯಂತ್ರ ಕೀ ಕೀ ಎಂದು ಅರಚಿಕೊಂಡಿತು. ನಗುವವನು ಹಾಸಿಗೆಯಲ್ಲಿ ಹೊರಳಾಡಿ ನಳಿಕೆಯನ್ನು ಮಡಚಿಕೊಂಡಿದ್ದ. ಅವನೇ ಲಾಮರ್ಟ್ ಹಾಯ್ಸಿಂಗ್. ಆವತ್ತಿನಿಂದ ಅವನಿಗೆ ಪ್ರಯೋಗಾಲಯದ ನಂಬರು ಸಿಕ್ಕಂತಾಯಿತು. ಐದು ತಿಂಗಳು ಅವನು ಅದನ್ನು ಬಿಡಲಿಲ್ಲ.

ಹಾರ್ಮಿನಾ ದೋರ್ನ್‌ಬೊಸ್‌ಗೆ ಆಗ ಐವತ್ತೆಂಟು. ಅಲ್ಲಿ ಮೂವತ್ತನಾಲ್ಕು ವರ್ಷದ ಚಾಕರಿ. ಅವಳು ಹತ್ತಿ ಕೂತರೆ ಸೈಕಲ್ಲೇ ಮಕ್ಕಳದ್ದೇನೋ ಅನ್ನಿಸುವಷ್ಟು ಎತ್ತರದ ಹೆಂಗಸು. ಚರ್ಚಿನ ಮೇಳದಲ್ಲಿ ಹಾಡುತ್ತಾಳೆ, ಪಕ್ಕದವರು ಶ್ರುತಿ ತಪ್ಪಿದರೆ ಹಾಡಿನ ಮಧ್ಯದಲ್ಲೇ ತಿರುಗಿ ನೋಡುತ್ತಾಳೆ. ಒಮ್ಮೆ ವಿಭಾಗದ ಮುಖ್ಯಸ್ಥರು ಹೊಸ ಥರ ಕೂದಲು ಕತ್ತರಿಸಿಕೊಂಡು ಬಂದು "ಹೇಗಿದೆ?" ಎಂದು ಬಾಯಿತಪ್ಪಿ ಕೇಳಿಬಿಟ್ಟರು. "ಬೆಳೆಯುತ್ತೆ ಬಿಡಿ" ಎಂದಳು. ಸಮಾಧಾನ ಹೇಳಿದೆನೆಂದೇ ಅವಳ ಭಾವನೆ.

ಅವಳ ಕೆಲಸ ಇಷ್ಟೇ. ಕ್ಯಾನ್ಸರಿಗೆ ಕೊಟ್ಟ ಮದ್ದು ರೋಗಿಯ ಮೈಯಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ರಕ್ತದಲ್ಲಿ, ಮೂತ್ರದಲ್ಲಿ, ಅಪರೂಪಕ್ಕೆ ಬೆನ್ನುಹುರಿಯ ನೀರಿನಲ್ಲಿ ಅಳೆಯುವುದು. ಹಳದಿ ಮದ್ದಿನದು ನೆಂಟನ ಸ್ವಭಾವ. ಬರಬೇಕು, ಕೆಲಸ ಮುಗಿಸಬೇಕು, ಹೊರಡಬೇಕು. ಬೇರೂರಿದನೆಂದರೆ ಮನೆಯನ್ನೇ ತಿಂದುಹಾಕುತ್ತಾನೆ. ಅದಕ್ಕೇ ಮದ್ದು ಹಾಕಿದ ಮಾರನೆಯ ದಿನದಿಂದ ರೋಗಿಗೆ ಸಲೈನು, ಮದ್ದಿಗೆ ಪ್ರತಿಮದ್ದು, ದಿನಕ್ಕೊಮ್ಮೆ ರಕ್ತ ಪರೀಕ್ಷೆ. ಅಂಕಿ ಸೊನ್ನೆ ಪಾಯಿಂಟ್ ಒಂದಕ್ಕಿಂತ ಕೆಳಗಿಳಿದರೆ ಮನೆಗೆ ಬಿಡುತ್ತಾರೆ. ಇಳಿಯದಿದ್ದರೆ ಹಾಸಿಗೆಯೇ ಗತಿ. ಆ ಒಂದು ಅಂಕಿಗಾಗಿ ಮೇಲಿನ ಮಹಡಿಯಲ್ಲಿ ಜನ ಚೀಲ ಕಟ್ಟಿಕೊಂಡು, ಬೂಟು ಹಾಕಿಕೊಂಡು ಕಾಯುತ್ತಿರುತ್ತಾರೆ. ಹಾರ್ಮಿನಾ ಅವರಲ್ಲಿ ಒಬ್ಬರ ಮುಖವನ್ನೂ ನೋಡಿದವಳಲ್ಲ. ಅವಳಿಗೆ ಅವರೆಲ್ಲ ಬೆಳ್ಳಿ ಹಾಳೆ ಸುತ್ತಿಕೊಂಡ ಕೊಳವೆಗಳು.

ಲಾಮರ್ಟ್ ಒಬ್ಬ ಮಾತ್ರ ಧ್ವನಿಯೂ ಇದ್ದ ಕೊಳವೆ. ಅವನು ಹಳ್ಳಿಯೊಂದರ ಕಾಲುವೆಯ ಮೇಲೆ ಸೇತುವೆ ಕಾಯುವವ. ದೋಣಿ ಬಂದರೆ ಗೇಟು ಹಾಕಿ ಸೇತುವೆ ಎತ್ತುವುದು, ದೋಣಿ ಹೋದಮೇಲೆ ಇಳಿಸುವುದು. ಕೋಲಿನ ತುದಿಗೆ ದಾರ ಕಟ್ಟಿ, ದಾರಕ್ಕೆ ಮರದ ಪಾದರಕ್ಷೆಯೊಂದನ್ನು ತೂಗಿಸಿ ದೋಣಿಯವರ ಮುಂದೆ ಇಳಿಬಿಟ್ಟು ಸುಂಕ ಎತ್ತುವುದು ಆ ಕಸುಬಿನ ಹಳೆಯ ರಿವಾಜು. ಆ ಕೋಲನ್ನೂ ಪಾದರಕ್ಷೆಯನ್ನೂ ಅವನು ಆಸ್ಪತ್ರೆಗೆ ತಂದಿದ್ದ. ಮಲಗಿದಲ್ಲಿಂದಲೇ ಬಾಗಿಲಾಚೆ ಇಳಿಬಿಟ್ಟು, ಓಣಿಯಲ್ಲಿ ಹೋಗಿಬರುವವರಿಂದ ಬಿಸ್ಕತ್ತು, ಚೀಸಿನ ತುಂಡು ವಸೂಲಿ ಮಾಡುತ್ತಿದ್ದ. ಒಮ್ಮೆ ಅದರಲ್ಲಿ ಒಬ್ಬ ಡಾಕ್ಟರರ ಕನ್ನಡಕ ಬಿದ್ದಿತ್ತಂತೆ. ಯಾಕೆ ಹಾಕಿದರೆಂದು ಅವರಿಗೂ ಗೊತ್ತಿರಲಿಲ್ಲ.

ಮದ್ದಿನ ಒಂದೊಂದು ಸುತ್ತಿಗೂ ಆಸ್ಪತ್ರೆಯಲ್ಲಿ ನಾಲ್ಕು ದಿನ, ದಿನಕ್ಕೆ ಕಡಿಮೆಯೆಂದರೆ ಎರಡು ಸಲ ಫೋನು.

"ಹಾರ್ಮಿನವ್ವಾ, ನನ್ನ ರಕ್ತದಾಗೆ ಮದ್ದಿನ ನೀರು ಎಷ್ಟೈತೆ?"

"ಡಾಕ್ಟ್ರನ್ನ ಕೇಳಿ."

"ಡಾಕ್ಟ್ರು ನಿಮ್ಮನ್ನ ಕೇಳ್ಬೇಕಂತೆ."

"ಹಾಗಾದ್ರೆ ಅವ್ರು ಕೇಳ್ಲಿ. ನೀವು ಉಚ್ಚೆ ಹುಯ್ತಾ ಇರಿ."

"ಅದೇ ಕೆಲ್ಸ ಕಣವ್ವ. ತೂಬು ತೆಗೆದಿಟ್ಟಂಗೆ ಹುಯ್ತಾ ಇವ್ನಿ. ನರ್ಸಮ್ಮ ಬಂದು ಬಂದು ಪಟ್ಟಿ ಅದ್ದಿ ಬಣ್ಣ ನೋಡ್ತಾಳೆ. ನನ್ನ ಉಚ್ಚೆಗೆ ಇಷ್ಟು ಮರ್ವಾದೆ ನಮ್ಮಪ್ಪನ ಕಾಲದಾಗೂ ಸಿಕ್ಕಿರ್ಲಿಲ್ಲ."

ಹಾರ್ಮಿನಾ ಫೋನು ಇಟ್ಟು, ನಗಲಿಲ್ಲ ಎಂದು ತೋರಿಸಿಕೊಳ್ಳಲು ಒಂದು ನಿಮಿಷ ಗೋಡೆ ನೋಡುತ್ತಿದ್ದಳು.

ಅಕ್ಟೋಬರಿನಲ್ಲಿ ಆರನೆಯ ಸುತ್ತು ಬಂತು. ಮಂಗಳವಾರ ಮದ್ದು ಹಾಕಿದರು. ಆ ಶನಿವಾರ ಲಾಮರ್ಟನಿಗೆ ಐವತ್ತು ತುಂಬುವುದಿತ್ತು.

ಐವತ್ತು ತುಂಬಿದವನು ಬೈಬಲ್ಲಿನ ಹಿರಿಯಜ್ಜ ಅಬ್ರಹಾಮನನ್ನು ಕಂಡ ಎನ್ನುತ್ತಾರೆ ಅಲ್ಲಿ. ಕಂಡ ಗುರುತಿಗೆ ಮನೆಯವರು ಹುಲ್ಲು ತುಂಬಿದ ಆಳೆತ್ತರದ ಮುದುಕನ ಬೊಂಬೆಯನ್ನು ಮನೆಯ ಮುಂದೆ ನಿಲ್ಲಿಸುತ್ತಾರೆ. ಊರಿಗೆ ಊರೇ ಬಂದು ದುಂಡಗೆ ಹಾಕಿದ ಕುರ್ಚಿಗಳಲ್ಲಿ ಕೂತು ಕೇಕು ತಿಂದು ಸಂಜೆಯ ಊಟದ ಹೊತ್ತಿಗೆ ಮುಂಚೆ ಜಾಗ ಖಾಲಿ ಮಾಡುತ್ತದೆ. ಲಾಮರ್ಟನ ಹೆಂಡತಿ ಹಿಲ್ಕೆ ಆಗಲೇ ಗಂಡನ ಹಳೆಯ ಕೋಟಿಗೆ ಹುಲ್ಲು ತುರುಕಿ ಮುಗಿಸಿದ್ದಳು. ಬರಬೇಕಾದವನು ಒಬ್ಬನೇ ಬಾಕಿ.

ಶುಕ್ರವಾರದ ಅಂಕಿ ಸೊನ್ನೆ ಪಾಯಿಂಟ್ ಒಂದು ನಾಲ್ಕು.

ಫೋನು ಬಂತು. "ಹಾರ್ಮಿನವ್ವಾ, ಆ ಬಾಲದಾಗಿರೋ ನಾಲ್ಕೈತಲ್ಲ, ಅದನ್ನ ಸ್ವಲ್ಪ ಕತ್ತರಿಸಿಬಿಡು. ದೊಡ್ಡ ಮನಸ್ಸು ಮಾಡಿ ಸೊನ್ನೆ ಪಾಯಿಂಟ್ ಸೊನ್ನೆ ಒಂಬತ್ತಕ್ಕೆ ತಳ್ಳು. ಈವತ್ತೇ ಹೊಂಟೋಯ್ತೀನಿ."

"ಆಗಲ್ಲ."

"ನೋಡವ್ವ." ಅವನ ಧ್ವನಿ ಕೊಂಚ ಇಳಿಯಿತು. "ಐವತ್ತೊಂದರ ಮಾತು ಯಾರಿಗ್ ಗೊತ್ತು? ಐವತ್ತನಾದ್ರೂ ನನ್ನ ಅಂಗಳದಾಗೆ ನೋಡ್ಬೇಕು. ಹಾಸಿಗೇಲಿ ಮಲಕ್ಕಂಡು ಅಬ್ರಹಾಮನ್ನ ಕಂಡ್ರೆ ಅದು ಬೇರೆ ಅಬ್ರಹಾಮ, ಮೇಲಿನ ಲೋಕದೋನು."

ಹಾರ್ಮಿನಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ನಾಳೆ ಬೆಳಿಗ್ಗೆ ನೋಡೋಣ. ಉಚ್ಚೆ ಹುಯ್ಯಿರಿ."

"ಇಳಿದ್ರೆ ನೀನೂ ಬರ್ಬೇಕು. ಆ ಸ್ಯಾಂಡ್‌ವಿಚ್ ಹುಡುಗನ್ನೂ ಕರ್ಕಂಡ್ ಬಾ."

"ಇಳಿದ್ರೆ ನೋಡೋಣ ಅಂದ್ನಲ್ಲ."

ಆವತ್ತು ಕಾಫಿಯ ಹೊತ್ತಿನಲ್ಲಿ ಯೊರಿಟ್ ಮಾತು ತೆಗೆದ. "ಒಂದು ನಾಲ್ಕೂ ಒಂದೂ ಏನು ಮಹಾ ದೂರ ಹೇಳಿ ಹಾರ್ಮಿನಾ? ಪಾಪದವನು."

ಅವಳು ಬಿಸ್ಕತ್ತಿನ ಡಬ್ಬಿ ಮುಚ್ಚಿದಳು. ಟಪ್ಪ್. "ನಮ್ಮಪ್ಪ ಹಾಲಿನ ಡೇರಿಯಲ್ಲಿ ಕೊಬ್ಬು ಅಳೀತಿದ್ದ. ಕೊಬ್ಬು ಜಾಸ್ತಿ ಇದ್ರೆ ರೈತನಿಗೆ ಜಾಸ್ತಿ ದುಡ್ಡು. ನಮ್ಮ ಸೋದರಮಾವ ಬಂದು ಮೂರೂ ಎಂಟನ್ನ ಮೂರೂ ಒಂಬತ್ತು ಮಾಡು ಅಂದ. ಅಪ್ಪ ಮಾಡ್ಲಿಲ್ಲ. ಮಾವ ಊರೆಲ್ಲ ಹೇಳ್ಕೊಂಡು ಬಂದ. ಅಪ್ಪನ ಐವತ್ತಕ್ಕೆ ಹದಿನಾರು ಕುರ್ಚಿ ಹಾಕಿದ್ವಿ. ನಾಲ್ಕು ಜನ ಬಂದ್ರು. ಅದ್ರಲ್ಲೂ ಒಬ್ರು ಪಾದ್ರಿ, ಅವ್ರು ಎಲ್ಲರ ಮನೆಗೂ ಹೋಗ್ತಾರೆ, ಲೆಕ್ಕಕ್ಕಿಲ್ಲ. ಮೂರು ಮೋಕಾ ಕೇಕು ತರಿಸಿದ್ವಿ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅದನ್ನೇ ತಿಂದೆ. ನಂಗಾಗ ಹನ್ನೊಂದು ವರ್ಷ. ಅವತ್ತಿಂದ ಮೋಕಾ ಕೇಕ್ ಅಂದ್ರೆ ಹೊಟ್ಟೆ ತೊಳೆಸುತ್ತೆ."

"ಮತ್ತೆ ನಿಮ್ಮಪ್ಪ ಏನಂದ್ರು?"

"ಅಪ್ಪನಾ? ಮುಂದಿನ ವರ್ಷ ಐದೇ ಕುರ್ಚಿ ಹಾಕಿದ."

ಯೊರಿಟ್ ಇನ್ನೊಂದು ಬಿಸ್ಕತ್ತಿಗೆ ಕೈ ಚಾಚಲು ಹೊರಟವನು ಆ ಕೈಯನ್ನು ಹಾಗೇ ತಲೆ ಕೆರೆದುಕೊಳ್ಳಲು ಬಳಸಿಕೊಂಡ.

ಶನಿವಾರ ಬೆಳಿಗ್ಗೆ ಪಾಳಿಯಲ್ಲಿದ್ದವರು ಅವರಿಬ್ಬರೇ. ಆರು ಗಂಟೆಗೆ ತೆಗೆದ ರಕ್ತ ಬೆಳ್ಳಿ ಹಾಳೆ ಹೊದ್ದುಕೊಂಡು ಆಗಲೇ ಬಂದು ಕೂತಿತ್ತು. ಯೊರಿಟ್ ಯಂತ್ರಕ್ಕೆ ಹಾಕಿದ. ಎಂಟೂ ಇಪ್ಪತ್ತಕ್ಕೆ ಅಂಕಿ ಬಂತು. ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

ಸೊನ್ನೆ ಪಾಯಿಂಟ್ ನಾಲ್ಕು ಆರು.

ನಿನ್ನೆಗಿಂತ ಮೂರು ಪಟ್ಟು. ಇಳಿಯಬೇಕಾದ್ದು ಏರಿ ಕೂತಿತ್ತು. ಇದು ನಿಜವಾದರೆ ಹುಟ್ಟುಹಬ್ಬ ಹಾಗಿರಲಿ, ಲಾಮರ್ಟನ ಮೂತ್ರಪಿಂಡಗಳೇ ಕೈಕೊಟ್ಟಂತೆ. ಪ್ರತಿಮದ್ದು ದುಪ್ಪಟ್ಟು, ಇನ್ನೆಷ್ಟು ದಿನ ಹಾಸಿಗೆಯೋ.

"ಕಳಿಸಿಬಿಡ್ಲಾ?" ಎಂದ ಯೊರಿಟ್ ಸಣ್ಣ ಧ್ವನಿಯಲ್ಲಿ. "ಅಂಕಿ ಅಂದ್ರೆ ಅಂಕಿ. ನೀವೇ ಹೇಳಿದ್ದು."

"ಮುಟ್ಟಬೇಡ." ಹಾರ್ಮಿನಾ ಪರದೆಯ ಮುಂದೆ ಬಂದು ನಿಂತಳು. "ನೀರು ತಾನಾಗಿ ಮೇಲಕ್ಕೆ ಹರಿಯಲ್ಲ ಕಣೋ. ಒಂದೋ ಯಾರೋ ಸುರಿದಿದ್ದಾರೆ. ಇಲ್ಲ, ಅಳೆದೋರು ತಪ್ಪಿದ್ದಾರೆ. ಅಳೆದೋರು ನಾವು. ನಮ್ಮಿಂದಲೇ ಶುರು ಮಾಡೋಣ."

ಎಷ್ಟು ಮದ್ದಿದೆಯೆಂದು ಮೊದಲೇ ಗೊತ್ತಿರುವ ಮಾದರಿಯನ್ನು ಯಂತ್ರಕ್ಕೆ ಕೊಟ್ಟರು. ಯಂತ್ರ ಸರಿಯಾಗಿಯೇ ಓದಿತು. ಲಾಮರ್ಟನ ರಕ್ತವನ್ನು ಮತ್ತೆ ಹಾಕಿದರು. ಮತ್ತೆ ನಾಲ್ಕು ಆರು. ಅಷ್ಟರಲ್ಲಿ ಫೋನು ಮೂರು ಸಲ ಹೊಡೆದುಕೊಂಡಿತು. ಮೂರು ಸಲವೂ ಹಾರ್ಮಿನಾ ಎತ್ತಲಿಲ್ಲ. ನಾಲ್ಕನೆಯದನ್ನು ಅವಳೇ ಮಾಡಿದಳು, ವಾರ್ಡಿನ ನರ್ಸ್ ವೆಂಡೆಲೀನ್‌ಗೆ.

"ಲಾಮರ್ಟ್ ಹಾಯ್ಸಿಂಗ್ ರಕ್ತ ತೆಗೆದದ್ದು ಎಲ್ಲಿಂದ?"

"ಚೀಟೀಲಿ ಇದೆಯಲ್ಲ ಹಾರ್ಮಿನಾ. ತೋಳಿನಿಂದ ಅಂತ."

"ಚೀಟಿ ಏನ್ ಬೇಕಾದ್ರೂ ಹೇಳುತ್ತೆ." ಫೋನು ಇಟ್ಟು ತಿರುಗಿದಳು. "ಯೊರಿಟ್, ಮೇಲೆ ಹೋಗು. ಅವನ ತೋಳು ನೋಡ್ಕೊಂಡು ಬಾ. ಎರಡೂ ತೋಳು."

ಐದನೆಯ ಮಹಡಿಯಲ್ಲಿ ಲಾಮರ್ಟನ ಹಾಸಿಗೆಗೆ ಬಣ್ಣದ ಕಾಗದದ ತೋರಣ ಕಟ್ಟಿದ್ದರು. ಗೋಡೆಯ ಮೇಲೆ ಬೆಳ್ಳಿ ಹಾಳೆಯಲ್ಲಿ ಕತ್ತರಿಸಿದ ಆಳುದ್ದದ ಐದು, ಪಕ್ಕದಲ್ಲಿ ದೊಡ್ಡದೊಂದು ಸೊನ್ನೆ. ಲಾಮರ್ಟ್ ಅಂಗಿ ತೊಟ್ಟು, ಬೂಟು ಹಾಕಿ, ಬೋಳು ತಲೆಗೆ ಟೋಪಿ ಏರಿಸಿ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಕೂತಿದ್ದ. ಕೋಲಿನ ತುದಿಯ ಪಾದರಕ್ಷೆ ನೇರ ಯೊರಿಟನ ಮೂಗಿನ ಮುಂದೆ ಬಂದು ತೂಗಾಡಿತು.

"ಸುಂಕ!"

"ಹುಟ್ಟುಹಬ್ಬದ ಶುಭಾಶಯ. ನಾನು ಲ್ಯಾಬಿನವನು, ಯೊರಿಟ್."

"ಅಯ್ಯಯ್ಯೋ! ನನ್ನ ರಕ್ತಕ್ಕೆ ಸಾಸಿವೆ ಹಚ್ಚಕ್ಕೆ ಹೊಂಟಿದ್ದೋನು ನೀನೇಯಾ? ಹಿಂಗಿರ್ತೀಯ ಅಂತ ಗೊತ್ತಿರ್ಲಿಲ್ಲ ಕಣಪ್ಪ. ದಪ್ಪಗಿರ್ತೀಯ ಅಂದ್ಕಂಡಿದ್ದೆ."

"ತೋಳು ತೋರಿಸಿ."

"ಯಾಕಪ್ಪ?"

"ಎರಡೂ."

ಲಾಮರ್ಟ್ ಅಂಗಿಯ ತೋಳು ಮಡಿಸಿದ. ಹಳೆಯ ಕಲೆ ಬಿಟ್ಟರೆ ಎರಡೂ ಮೊಣಕೈಯ ಒಳಬದಿ ಚೊಕ್ಕಟವಾಗಿತ್ತು. ಹತ್ತಿ ಇಲ್ಲ, ಪಟ್ಟಿ ಇಲ್ಲ, ಹೊಸದಾಗಿ ಚುಚ್ಚಿದ ಒಂದು ಚುಕ್ಕೆಯೂ ಇಲ್ಲ.

"ಬೆಳಿಗ್ಗೆ ಎಲ್ಲಿ ಚುಚ್ಚಿದ್ರು?"

ಲಾಮರ್ಟ್ ಸೂರು ನೋಡಿದ. ಬಾಗಿಲಲ್ಲಿ ನಿಂತಿದ್ದ ವೆಂಡೆಲೀನಳ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಗುತ್ತ ಬಂತು. "ಹುಟ್ಟುಹಬ್ಬ ಅಲ್ವಾ," ಎಂದಳು. "ಅವ್ರ ನರ ಸಿಗೋದೇ ಇಲ್ಲ, ದಿನಾ ಮೂರು ಸಲ ಚುಚ್ಚಬೇಕು. ಇವತ್ತೊಂದು ದಿನ ಚುಚ್ಚದೇ ಇರೋದೇ ಉಡುಗೊರೆ ಅಂತ… ಎದೆಯ ನಳಿಕೆಯಿಂದ ತೆಗೆದೆ. ಚೀಟಿ ಮೇಲೆ ರಾತ್ರಿಯೇ ತೋಳು ಅಂತ ಗುರುತು ಹಾಕಿಟ್ಟಿದ್ದೆ."

ಮದ್ದು ಒಳಗೆ ಹೋದದ್ದು ಅದೇ ಎದೆಯ ನಳಿಕೆಯಿಂದ. ಅದರ ಗೋಡೆಗೆ ಅಂಟಿಕೊಂಡಿದ್ದ ಹಳದಿಯೇ ರಕ್ತದ ಜೊತೆ ಕೊಳವೆಗೆ ಇಳಿದಿತ್ತು. ಯೊರಿಟ್ ಫೋನು ಮಾಡಿ ಹೇಳಿದಾಗ ಹಾರ್ಮಿನಾ ಬೈಯಲಿಲ್ಲ. "ಕಾಫಿ ಕುಡಿದ ಲೋಟದಲ್ಲೇ ನೀರು ತುಂಬಿ, ನೀರು ಕಹಿ ಅಂದ್ರಂತೆ," ಎಂದಳು. "ಅಲ್ಲೇ ಇದೀಯಲ್ಲ, ತೋಳಿನಿಂದ ತೆಗೆದು ತಗೊಂಡು ಬಾ. ವೆಂಡೆಲೀನ್‌ಗೆ ಹೇಳು, ಮುಂದಿನ ಸಲ ಹುಟ್ಟುಹಬ್ಬಕ್ಕೆ ಎಲ್ಲರ ಹಾಗೆ ಸೋಪು ಕೊಡೋಕೆ."

ಐದು ತಿಂಗಳ ಚುಚ್ಚಾಟಕ್ಕೆ ಬೇಸತ್ತ ರಕ್ತನಾಳಗಳು ಒಳಗೆಲ್ಲೋ ಅಡಗಿ ಕೂತಿದ್ದವು. ಯೊರಿಟನ ಮೊದಲ ಸೂಜಿ ಹುಸಿಹೋಯಿತು. ಬೆವರು ಲಾಮರ್ಟನಿಗಿಂತ ಅವನಿಗೇ ಜಾಸ್ತಿ. "ಹೆದರ್ಕಬೇಡ ಮಗ," ಎಂದ ಲಾಮರ್ಟ್, "ಹಸಿವಾಗೈತಾ? ಸಾಸಿವೆ ತರಿಸ್ಲಾ?" ಎರಡನೆಯದು ಸಿಕ್ಕಿತು. ಕೊಳವೆ ತುಂಬಿತು.

"ಬೆಳ್ಳಿ ಹಾಳೆ?" ಎಂದ ಯೊರಿಟ್.

ವೆಂಡೆಲೀನ್ ಮೆಲ್ಲಗೆ ಗೋಡೆಯ ಕಡೆ ನೋಡಿದಳು. ವಾರ್ಡಿನಲ್ಲಿದ್ದ ಸುರುಳಿಯೆಲ್ಲ ಐವತ್ತಾಗಿ ಗೋಡೆಗೆ ಅಂಟಿತ್ತು.

ಲಾಮರ್ಟನೇ ಕೋಲಿನ ತುದಿಯಿಂದ ಚಕ್ಕೆಂದು ಸೊನ್ನೆಯನ್ನು ಕಿತ್ತು ಕೆಳಗೆ ಬೀಳಿಸಿದ. "ಸುತ್ಕಂಡ್ ಹೋಗು. ಸಾಯಂಕಾಲದವರ್ಗೂ ನಂಗೆ ಐದೇ ವರ್ಷ!"

ಸೊನ್ನೆ ಸುತ್ತಿದ ಕೊಳವೆ ಹಿಡಿದು ಯೊರಿಟ್ ಓಡಿದ. ಲಿಫ್ಟಿನಲ್ಲಿ ಊರುಗೋಲಿನ ಅಜ್ಜಿಯೊಬ್ಬಳು ಅವನ ಕೈ ನೋಡಿ, "ತಿಂಡೀನಾಪ್ಪಾ?" ಎಂದು ಕೇಳಿದಳು. "ಅಲ್ಲಜ್ಜಿ, ರಕ್ತ," ಎಂದ. ಅವಳು ಮುಂದಿನ ಮಹಡಿಯಲ್ಲೇ ಇಳಿದುಕೊಂಡಳು.

ಮುಂದಿನ ನಲವತ್ತು ನಿಮಿಷ ಮಾಡುವುದಕ್ಕೆ ಏನೂ ಇರಲಿಲ್ಲ. ರಕ್ತ ಗಿರಗಿರ ತಿರುಗಿತು, ಕೆಂಪು ಕೆಳಗಿಳಿಯಿತು, ಹಳದಿ ನೀರು ಮೇಲೆ ನಿಂತಿತು, ಯಂತ್ರ ಅದನ್ನು ಹೀರಿಕೊಂಡು ಧ್ಯಾನಕ್ಕೆ ಕೂತಿತು. ಹಾರ್ಮಿನಾ ಆಗಲೇ ಒರೆಸಿದ ಮೇಜನ್ನು ಒರೆಸಿದಳು. ಆಮೇಲೆ ಡಬ್ಬಿ ತೆರೆದು, ಒಂದು ಬಿಸ್ಕತ್ತು ತಾನು ತೆಗೆದುಕೊಂಡು, ಮುಚ್ಚಳ ಹಾಕುವುದನ್ನು ಮರೆತಳು. ಇಂಥ ಅವಕಾಶ ಮತ್ತೆ ಬಾರದೆಂದು ಯೊರಿಟ್ ಮೂರು ತಿಂದ. ಅವಳು ನೋಡಲಿಲ್ಲ. ಆಗ ಅವನಿಗೆ ನಿಜವಾಗಿ ಭಯವಾಯಿತು.

"ಒಂದು ವೇಳೆ ಸೊನ್ನೆ ಪಾಯಿಂಟ್ ಒಂದು ಒಂದು ಬಂದ್ರೆ?" ಎಂದು ಕೇಳಿದ.

"ಹಾಗಂತ ಬರೀತೀನಿ."

ಹತ್ತೂವರೆಗೆ ಬಂತು. ಸೊನ್ನೆ ಪಾಯಿಂಟ್ ಸೊನ್ನೆ ಎಂಟು.

ಯೊರಿಟ್ ಕೂಗಲು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು. ಇನ್ನೊಮ್ಮೆ ಹಾಕಿದಳು. ಅದು ಬರುವವರೆಗೂ ಅವನು ಬಾಯಿ ತೆರೆದುಕೊಂಡೇ ಇದ್ದ. ಸೊನ್ನೆ ಪಾಯಿಂಟ್ ಸೊನ್ನೆ ಎಂಟು. ಡಾಕ್ಟರರಿಗೆ ತಿಳಿಸಿ, ಕಂಪ್ಯೂಟರಿನಲ್ಲಿ ಅಂಕಿ ದಾಖಲಿಸಿ, ಆಮೇಲೆ ಸ್ಯಾಂಡ್‌ವಿಚ್ಚಿನ ಆ ಮೇ ತಿಂಗಳ ನಂತರ ಮೊದಲ ಸಲ ತಾನಾಗಿ ಲಾಮರ್ಟನಿಗೆ ಫೋನು ಮಾಡಿದಳು.

"ಈಗ ಡಾಕ್ಟ್ರು ಬರ್ತಾರೆ. ಬಂದು ಹೇಳಿದಾಗ ಮೊದಲನೇ ಸಲ ಕೇಳ್ದಂಗೆ ಮಾಡಿ."

ಐದನೆಯ ಮಹಡಿಯ ಆ ಕೂಗು ಫೋನಿನಲ್ಲಿ ಬಂತೋ, ಮೆಟ್ಟಿಲಿಳಿದು ಬಂತೋ, ಯೊರಿಟನಿಗೆ ಇವತ್ತಿಗೂ ಗೊತ್ತಿಲ್ಲ.

ಮೂರು ಗಂಟೆಗೆ ಪಾಳಿ ಮುಗಿಯಿತು. ಹಾರ್ಮಿನಾ ಮನೆಯ ದಿಕ್ಕಿಗೆ ತಿರುಗದೆ ಕಾಲುವೆಯ ದಿಕ್ಕಿಗೆ ಸೈಕಲ್ ತಿರುಗಿಸಿದಾಗ ಯೊರಿಟ್ ಹಿಂದೆಯೇ ಹೊರಟ. ಹನ್ನೊಂದು ಕಿಲೋಮೀಟರು, ಎದುರು ಗಾಳಿ, ಜೊತೆಗೆ ತುಂತುರು. ಅವಳ ಬೆನ್ನ ಮರೆಯಲ್ಲಿ ತುಳಿದರೆ ಅರ್ಧ ಗಾಳಿ ಉಳಿಯುತ್ತದೆಂದು ಅವನು ಎರಡನೆಯ ಕಿಲೋಮೀಟರಿನಲ್ಲಿ ಕಂಡುಕೊಂಡ. ಸಂಬಳಕ್ಕೆ ಸೇರಿದ ಮೇಲೆ ಅವನು ಮಾಡಿದ ಒಂದೇ ಸ್ವಂತ ಸಂಶೋಧನೆ ಅದು.

"ನೀವು ಪೇಷೆಂಟುಗಳ ಮನೆಗೆ ಹೋಗ್ತೀರಾ?" ಎಂದು ಹಿಂದಿನಿಂದ ಕೂಗಿದ.

"ಇಲ್ಲ!"

"ಮತ್ತೆ ಇವತ್ತು?"

"ಐದು ತಿಂಗಳಿಂದ ಅವನ ರಕ್ತ ನೋಡಿದೀನಿ. ಮುಖ ನೋಡಿಲ್ಲ. ಸುಮ್ನೆ ತುಳಿ!"

ಸೇತುವೆಯ ಪಕ್ಕ ಸಣ್ಣ ಇಟ್ಟಿಗೆಯ ಮನೆ. ಗೇಟಿನಲ್ಲಿ ಗಡ್ಡದ ಹಿರಿಯರೊಬ್ಬರು ಕೋಟು ಹಾಕಿಕೊಂಡು ಸ್ವಾಗತಕ್ಕೆಂದು ಕೈ ಚಾಚಿ ನಿಂತಿದ್ದರು. ಯೊರಿಟನ ಕನ್ನಡಕದ ಮೇಲೆಲ್ಲ ಹನಿ. ಮೊದಲ ಭೇಟಿಯಲ್ಲೇ ಸಭ್ಯನೆನಿಸಿಕೊಳ್ಳಬೇಕೆಂದು ಯೊರಿಟ್ ಸೈಕಲ್ಲಿನಿಂದ ಇಳಿದವನೇ ಆ ಕೈ ಹಿಡಿದು ಕುಲುಕಿ, "ನಿಮ್ಮ ಲಾಮರ್ಟ್‌ಗೆ ಐವತ್ತಾಯ್ತು, ಅಭಿನಂದನೆ" ಎಂದ. ಕೈ ಕಿತ್ತು ಬಂತು. ಒಳಗಿನಿಂದ ಹುಲ್ಲು ಉದುರಿತು. ಕಿಟಕಿಯಲ್ಲಿ ಸಾಲಾಗಿ ಕೂತಿದ್ದ ಇಡೀ ಹಳ್ಳಿ ಅದನ್ನು ನೋಡಿತು.

ಒಳಗೆ ಹೋದಾಗ ನಗು ಇನ್ನೂ ನಿಂತಿರಲಿಲ್ಲ. ದುಂಡಗೆ ಹಾಕಿದ ಇಪ್ಪತ್ತು ಕುರ್ಚಿ, ಇಪ್ಪತ್ತರಲ್ಲೂ ಜನ. ಬಾಗಿಲ ಬಳಿ ಇನ್ನಾರು ಜನ ನಿಂತಿದ್ದರು. ಒಬ್ಬೊಬ್ಬರ ಮುಂದೆಯೂ ನಿಂತು ಕೈ ಕುಲುಕಿ ಅಭಿನಂದಿಸಬೇಕು. ನಿಮ್ಮ ಗಂಡನಿಗೆ, ನಿಮ್ಮ ತಮ್ಮನಿಗೆ, ನಿಮ್ಮ ನೆರೆಯವನಿಗೆ ಎಂದು. ಎಲ್ಲರೂ ಹಾರ್ಮಿನಾಳ ಕೈಯನ್ನೂ ಕುಲುಕಿದರು. ಇವಳನ್ನು ಯಾರಿಗಾಗಿ ಅಭಿನಂದಿಸಬೇಕೆಂದು ಲಾಮರ್ಟನ ಬಾಯಿಂದ ಎಲ್ಲ ಕೇಳಿದ್ದ ಒಬ್ಬ ದಪ್ಪ ಮೀಸೆಯವನು ಒಂದು ಕ್ಷಣ ತಡವರಿಸಿ, "ನಿಮ್ಮ ಕೊಳವೆಗೆ ಅಭಿನಂದನೆ!" ಎಂದುಬಿಟ್ಟ. ಉಳಿದವರೂ ಅದನ್ನೇ ಹಿಡಿದರು. ನಿಮ್ಮ ಕೊಳವೆಗೆ, ನಿಮ್ಮ ಕೊಳವೆಗೆ. ಹಾರ್ಮಿನಾ ಗಂಭೀರವಾಗಿ ಇಪ್ಪತ್ತಾರು ಜನಕ್ಕೂ ಥ್ಯಾಂಕ್ಸ್ ಹೇಳಿದಳು.

ತೋರಣ ಕಟ್ಟಿದ ಕುರ್ಚಿಯಲ್ಲಿ ಲಾಮರ್ಟ್ ಕೂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಇಷ್ಟೆತ್ತರ ಇದೀಯ ಅಂತ ಫೋನ್‌ನಾಗೆ ಗೊತ್ತಾಗಲ್ಲ ಕಣವ್ವ."

"ನೀವು ಇಷ್ಟು ಸಣ್ಣಗಿದೀರ ಅಂತ ರಕ್ತದಲ್ಲಿ ಗೊತ್ತಾಗಲ್ಲ."

ಪಾದರಕ್ಷೆ ಅವಳ ಮುಂದೆ ಇಳಿಯಿತು. ಅವಳು ಜೇಬಿಗೆ ಕೈ ಹಾಕಿ, ಮಡಿಕೆ ಹೋಗುವಂತೆ ಉಜ್ಜಿ ಸಮ ಮಾಡಿದ ಬೆಳ್ಳಿಯ ಸೊನ್ನೆಯನ್ನು ತೆಗೆದು ಅದರೊಳಗೆ ಹಾಕಿದಳು. "ವಾಪಸ್ಸು. ಐದು ವರ್ಷದೋರಿಗೆ ಕೇಕ್ ಜಾಸ್ತಿ ಕೊಡಲ್ಲ."

ಮನೆ ಮತ್ತೆ ನಗೆಯಲ್ಲಿ ಮುಳುಗಿತು. ಯಾರೋ ಹಾಡು ತೆಗೆದರು, ಹಾರ್ಮಿನಾ ಅವರ ಶ್ರುತಿ ಸರಿಪಡಿಸಿದಳು. ಹಿಲ್ಕೆ ಇಬ್ಬರ ಕೈಗೂ ಕೇಕಿನ ತಟ್ಟೆ ಕೊಟ್ಟಳು. ಕಂದು ಬಣ್ಣದ ಕ್ರೀಮು, ಮೇಲೆ ಕಾಫಿಬೀಜ. ಮೋಕಾ. ಯೊರಿಟ್ ಉಸಿರು ಬಿಗಿಹಿಡಿದು ಪಕ್ಕಕ್ಕೆ ನೋಡಿದ. ಹಾರ್ಮಿನಾ ತಟ್ಟೆಯನ್ನು ಒಮ್ಮೆ ನೋಡಿದಳು, ತುಂಬಿ ತುಳುಕುವ ಕುರ್ಚಿಗಳನ್ನು ಒಮ್ಮೆ ನೋಡಿದಳು, ಚಮಚ ಎತ್ತಿಕೊಂಡಳು.

ಅವಳು ಅರ್ಧ ತಿಂದಿರಬೇಕು. ಲಾಮರ್ಟ್ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮುಂದಕ್ಕೆ ಬಾಗಿದ.

"ಹಾರ್ಮಿನವ್ವಾ, ಡಾಕ್ಟ್ರು ಸುತ್ತಿ ಬಳಸಿ ಮಾತಾಡ್ತಾರೆ. ನೀನು ಹಂಗಲ್ಲ. ಅದಕ್ಕೇ ಎಲ್ಲರ ಮುಂದೆ ಕೇಳ್ತೀನಿ. ನಾನು ಐವತ್ತೊಂದು ನೋಡ್ತೀನಾ?"

ಚಮಚಗಳು ಎಲ್ಲಿದ್ದವೋ ಅಲ್ಲೇ ನಿಂತವು. ಹಿಲ್ಕೆಯ ಕೈಯಲ್ಲಿ ಕಾಫಿಯ ಜಗ್ಗು ಓರೆಯಾಗಿಯೇ ಉಳಿಯಿತು. ಇಪ್ಪತ್ತಾರು ಜನ ನೆಲ ನೋಡಿದರು. ಯೊರಿಟ್ ತನ್ನ ಅಂಗಿಗೆ ಅಂಟಿದ್ದ ಹುಲ್ಲುಕಡ್ಡಿ ಕೀಳತೊಡಗಿದ.

ಹಾರ್ಮಿನಾ ಬಾಯಲ್ಲಿದ್ದುದನ್ನು ಅಗಿದು ನುಂಗಿದಳು.

"ಗೊತ್ತಿಲ್ಲ. ನಾನು ಅಳೆಯೋದು ಮದ್ದನ್ನ, ಆಯುಷ್ಯಾನಲ್ಲ. ಇನ್ನೊಂದು ತುಂಡು ಕೇಕ್ ಇದೆಯಾ?"